ರೂಮಿನ ತುಂಬ ಲಗ್ನಪತ್ರಿಕೆ

ಕೌನ್ಸೆಲರ್ ಆಗಿ ನಾನು ಕಂಡ ಪ್ರಕರಣ ಇದು, 2020ರ ಕೊರೊನಾ ಬೇಸಿಗೆಯದು. ಹೆಸರು, ಕಸುಬಿನ ಕೆಲವು ವಿವರ, ಗುರುತು ಸಿಗುವಂಥದ್ದೆಲ್ಲ ಬದಲಾಯಿಸಿದ್ದೇನೆ. ಬರೆಯಬಹುದು ಎಂದು ಆ ಮನೆಯವರು ಒಪ್ಪಿದ ಮೇಲೆಯೇ ಬರೆಯುತ್ತಿದ್ದೇನೆ. ಊರನ್ನು ದಾವಣಗೆರೆ ಎಂದಿಟ್ಟುಕೊಳ್ಳಿ.

ಮೇ ಮೊದಲ ವಾರ, ಬೆಳಿಗ್ಗೆ ಹನ್ನೊಂದರ ಹೊತ್ತು. ಫೋನ್ ಎತ್ತಿದರೆ ಮೊದಲು ಕೇಳಿದ್ದು "ಹುಶ್, ಹುಶ್" ಎನ್ನುವ ಸದ್ದು. ಆಮೇಲೆ ಒಬ್ಬ ಹೆಂಗಸಿನ ದನಿ. "ಸಂಡಿಗೆ ಒಣಗೋಕೆ ಹಾಕಿದೀನಿ ಮೇಡಂ. ಕಾಗೆ ಕಾಯೋ ನೆಪದಲ್ಲಿ ಮಾಳಿಗೆಗೆ ಬಂದಿದೀನಿ. ಕೆಳಗೆ ಮಾತಾಡೋಕಾಗಲ್ಲ, ಎಲ್ಲಾರೂ ಇದಾರೆ."

ಎಲ್ಲಾರೂ ಇದಾರೆ. ಆ ಬೇಸಿಗೆಯಲ್ಲಿ ಈ ಮಾತನ್ನು ನಾನು ಎಷ್ಟು ಸಲ ಕೇಳಿದೆನೋ. ನಾನೂ ಮನೆಯಿಂದಲೇ ಕೆಲಸ ಮಾಡುತ್ತಿದ್ದೆ. ನಮ್ಮನೆಯಲ್ಲೂ ಎಲ್ಲರೂ ಇದ್ದರು. ಹಾಗಾಗಿ ಶೆಡ್ಡಿನಲ್ಲಿ ನಿಂತಿದ್ದ ಕಾರಿನ ಹಿಂದಿನ ಸೀಟೇ ನನ್ನ ಆಫೀಸು.

ಅವರನ್ನು ಶೋಭಾ ಎಂದು ಕರೆಯೋಣ. ವಯಸ್ಸು ನಲವತ್ತಾರು. ಗಂಡ ಬಸವರಾಜು ಅವರದು ಸಣ್ಣ ಪ್ರಿಂಟಿಂಗ್ ಪ್ರೆಸ್ಸು, ಮುಖ್ಯವಾಗಿ ಲಗ್ನಪತ್ರಿಕೆ. ಮಗಳು ಸಿಂಚನಾ ಬೆಂಗಳೂರಿನ ಹಾಸ್ಟೆಲ್‌ನಲ್ಲಿದ್ದು ಎಂಜಿನಿಯರಿಂಗ್ ಓದುತ್ತಿದ್ದಳು, ಆರನೇ ಸೆಮಿಸ್ಟರ್. ಜೊತೆಗೆ ಬಸವರಾಜು ಅವರ ತಾಯಿ. ಮಾರ್ಚ್ 13ಕ್ಕೆ ಸರ್ಕಾರ ಕಾಲೇಜು, ಮಾಲು, ಥಿಯೇಟರು ಎಲ್ಲ ಒಂದು ವಾರ ಬಂದ್ ಎಂದಿತಲ್ಲ, ಆಗ ಸಿಂಚನಾ ಒಂದು ಬ್ಯಾಗಿನಲ್ಲಿ ನಾಲ್ಕು ಜೊತೆ ಬಟ್ಟೆ ತುಂಬಿಕೊಂಡು ಬಂದವಳು. ಪುಸ್ತಕ ಹಾಸ್ಟೆಲ್‌ನಲ್ಲೇ ಇತ್ತು. ವಾರಕ್ಕೆ ಯಾಕೆ ಹೊರೆ ಅಂತ.

"ಮಗಳು ಬಂದಳು ಅಂತ ಖುಷಿಪಟ್ಟಿದ್ದು ಹತ್ತೇ ದಿನ ಮೇಡಂ" ಎಂದರು ಶೋಭಾ. ಯುಗಾದಿ ದಿನವೇ ಲಾಕ್‌ಡೌನ್ ಶುರು. ಒಬ್ಬಟ್ಟು ತಿಂದು ಮುಗಿಯುವುದರೊಳಗೆ ಜಗಳ ಶುರು. ಹುಡುಗಿ ರಾತ್ರಿ ಮೂರರವರೆಗೆ ಎಚ್ಚರ, ಬೆಳಿಗ್ಗೆ ಹನ್ನೊಂದಕ್ಕೆ ಏಳುವುದು. ಕತ್ತಲಾದ ಮೇಲೆ ಫೋನ್ ಹಿಡಿದು ಮಾಳಿಗೆ ಹತ್ತುವುದು. "ಯಾರ ಜೊತೆ ಮಾತು?" ಅಂತ ಅಜ್ಜಿಯ ಪ್ರಶ್ನೆ. ಅಪ್ಪನಿಗೆ ಆ ಪ್ರಶ್ನೆ ಕಿವಿಗೆ ಬಿದ್ದು ತಲೆಗೆ ಏರುವುದು.

ನನಗೆ ಫೋನ್ ಬರುವ ಎರಡು ದಿನ ಮೊದಲು ಬಸವರಾಜು ಮಗಳ ಮೊಬೈಲ್ ಕಿತ್ತು ಬೀರುವಿನಲ್ಲಿಟ್ಟು ಬೀಗ ಹಾಕಿದ್ದರು. ಮರುದಿನದ ಆನ್‌ಲೈನ್ ಕ್ಲಾಸ್ ತಪ್ಪಿತು. ಹುಡುಗಿ ಬಾಗಿಲು ಹಾಕಿಕೊಂಡು ಒಂದೂವರೆ ದಿನ ಊಟ ಬಿಟ್ಟಳು. ಶೋಭಾ ಗಾಬರಿಯಾಗಿದ್ದು ಅದಕ್ಕೆ.

ಮೊದಲ ಮಾತುಕತೆಯಲ್ಲಿ ನಾನು ಕೊಟ್ಟ ಸಲಹೆ ಹೇಳಿಬಿಡುತ್ತೇನೆ, ಅದು ಕೆಟ್ಟ ಸಲಹೆ. ಎಲ್ಲರೂ ಕೂತು ಒಂದು ದಿನಚರಿ ಬರೆದು ಗೋಡೆಗೆ ಅಂಟಿಸಿ ಎಂದೆ. ಏಳುವ ಹೊತ್ತು, ಓದುವ ಹೊತ್ತು, ಮನೆಗೆಲಸದ ಹೊತ್ತು. ಆಗ ಟಿವಿಯಲ್ಲಿ, ಪೇಪರಿನಲ್ಲಿ ಎಲ್ಲರೂ ಅದನ್ನೇ ಹೇಳುತ್ತಿದ್ದರು. ನಾನೂ ಹೇಳಿದೆ. ನಾಲ್ಕನೇ ದಿನ ಶೋಭಾ ಮತ್ತೆ ಫೋನ್ ಮಾಡಿದರು. ಬಸವರಾಜು ಚೆಂದವಾಗಿ ಚಾರ್ಟ್ ಪ್ರಿಂಟ್ ಮಾಡಿ ತಂದಿದ್ದರಂತೆ, ಬಾರ್ಡರ್ ಸಮೇತ. ಮಗಳು ಅದನ್ನು ಓದಿ, "ಇದು ಯಾವ ಸ್ಕೂಲಿಂದು?" ಎಂದಳಂತೆ. ಅಲ್ಲಿಗೆ ಚಾರ್ಟಿನ ಕಥೆ ಮುಗಿಯಿತು.

ಆ ಪ್ರಶ್ನೆ ನನ್ನ ತಲೆಯಲ್ಲಿ ಉಳಿಯಿತು. ಸಿಂಚನಾ ಜೊತೆ ಮಾತಾಡಬಹುದಾ ಎಂದು ಕೇಳಿದೆ. ಅವಳಿಗೆ ಇಷ್ಟ ಇದ್ದರೆ ಮಾತ್ರ, ಮತ್ತು ಅವಳು ಹೇಳಿದ್ದನ್ನು ನಿಮಗೆ ತಿಳಿಸುವುದಿಲ್ಲ ಎನ್ನುವ ಷರತ್ತಿನ ಮೇಲೆ. ಶೋಭಾ ಸ್ವಲ್ಪ ಹೊತ್ತು ಸುಮ್ಮನಿದ್ದರು. ಆಮೇಲೆ "ಆಗಲಿ" ಎಂದರು.

ಎರಡು ದಿನ ಬರೀ ವಾಟ್ಸಾಪ್ ಮೆಸೇಜು. ಮೂರನೇ ರಾತ್ರಿ ಮಾಳಿಗೆಯಿಂದ ಫೋನು. ಅವಳು ಹೇಳಿದ್ದರಲ್ಲಿ ಇಲ್ಲಿ ಬರೆಯಲು ಅವಳೇ ಒಪ್ಪಿದ್ದು ಇಷ್ಟು:

"ಹಾಸ್ಟೆಲ್‌ನಲ್ಲಿ ಎರಡೂವರೆ ವರ್ಷ ನನ್ನ ಬಟ್ಟೆ ನಾನೇ ಒಗೆದೆ. ಜ್ವರ ಬಂದಾಗ ನಾನೇ ಆಟೋ ಹಿಡಿದು ಆಸ್ಪತ್ರೆಗೆ ಹೋದೆ, ಮನೆಗೆ ಹೇಳ್ಲೂ ಇಲ್ಲ. ಇಲ್ಲಿ ಬಂದ್ರೆ ಹಲ್ಲುಜ್ಜಿದ್ಯಾ ಅಂತ ಕೇಳ್ತಾರೆ. ನನ್ನ ರೂಮಲ್ಲಿ ನಂಗೇ ಜಾಗ ಇಲ್ಲ ಮೇಡಂ. ಮಂಚದ ಕೆಳಗೆ, ಟೇಬಲ್ ಮೇಲೆ, ಕಿಟಕೀಲಿ, ಎಲ್ಲಾ ಕಡೆ ಲಗ್ನಪತ್ರಿಕೆ ಬಂಡಲ್ಲು. ಕಾಲು ಚಾಚಿದ್ರೆ ಯಾರದೋ ಮದುವೆಗೆ ತಾಗುತ್ತೆ."

ನಗು ಬಂತು ನನಗೆ. ಅವಳೂ ನಕ್ಕಳು. ನಕ್ಕಿದ್ದು ನೋಡಿ ಸ್ವಲ್ಪ ಸಮಾಧಾನವಾಯಿತು. ಆದರೂ ಕೇಳಲೇಬೇಕಾದ ಪ್ರಶ್ನೆಯನ್ನು ನೇರವಾಗಿ ಕೇಳಿದೆ: "ಊಟ ಬಿಟ್ಟೆಯಲ್ಲ, ಆಗ ಸಾಯಬೇಕು ಅನ್ನೋ ಯೋಚನೆ ಬಂತಾ?" ಈ ಪ್ರಶ್ನೆ ಕೇಳಲು ಹೆತ್ತವರು ಹೆದರುತ್ತಾರೆ. ನಾವೇ ತಲೆಗೆ ಹಾಕಿದ ಹಾಗಾಗುತ್ತೆ ಅಂತ. ಹಾಗೇನೂ ಆಗುವುದಿಲ್ಲ. ಕೇಳಿದರೆ ಎದೆಯ ಭಾರ ಇಳಿಯುವುದೇ ಜಾಸ್ತಿ. ಅವಳು "ಇಲ್ಲ, ಕೋಪ ಬಂದಿತ್ತು ಅಷ್ಟೆ" ಎಂದಳು. ನಿದ್ದೆ ಇತ್ತು, ಹೊತ್ತು ಮಾತ್ರ ತಪ್ಪಿತ್ತು. ಹಸಿವಿತ್ತು. ಗೆಳತಿಯರ ಜೊತೆ ನಗುತ್ತಿದ್ದಳು. ಮಾಳಿಗೆ ಮೇಲಿನ ಆ ಗುಟ್ಟಿನ ಫೋನು ಹಾಸ್ಟೆಲ್‌ನ ಮೂವರು ರೂಮ್‌ಮೇಟ್‌ಗಳ ಜೊತೆ, ಒಟ್ಟಿಗೇ ಕಾಲ್. ಮಾಳಿಗೆ ಯಾಕೆಂದರೆ ಕೆಳಗೆ ಸಿಗ್ನಲ್ ಇಲ್ಲ. ರಾತ್ರಿ ಯಾಕೆಂದರೆ ಮೇ ತಿಂಗಳ ದಾವಣಗೆರೆಯಲ್ಲಿ ಹಗಲು ಮಾಳಿಗೆ ಮೇಲೆ ಸಂಡಿಗೆ ಬಿಟ್ಟು ಇನ್ಯಾರೂ ಇರಲಾರರು. ಇದನ್ನು ಅವಳೇ ಅಮ್ಮನಿಗೆ ಹೇಳಲಿ ಎಂದೆ, ಹೇಳಿದಳು.

ಉಳಿದವರು ಬಸವರಾಜು. "ನನಗೇನಾಗಿದೆ ಮೇಡಂ, ಸರಿ ಹೋಗಬೇಕಾಗಿರೋದು ಅವಳು" ಎಂದು ಎರಡು ಸಲ ಇಟ್ಟುಬಿಟ್ಟರು. ಮೂರನೇ ಸಲ ಅವರೇ ಫೋನ್ ಮಾಡಿದರು, ಪ್ರೆಸ್ಸಿನಿಂದ. ಹಿಂದೆ ಯಾವ ಮಿಷನ್ನಿನ ಸದ್ದೂ ಇರಲಿಲ್ಲ.

ಮೊದಲು ಮಗಳ ಬಗ್ಗೆ ಐದು ನಿಮಿಷ ಹೇಳಿದರು. ಆಮೇಲೆ ಮಾತು ತಾನಾಗಿ ಬೇರೆ ಕಡೆ ಹೋಯಿತು. ಆ ವರ್ಷ ಅಕ್ಷಯ ತೃತೀಯ ಏಪ್ರಿಲ್ 26ಕ್ಕೆ. ಅದರ ಹಿಂದೆ ಮುಂದೆ ವೈಶಾಖದ ಲಗ್ನಗಳು. ಮಾರ್ಚ್ ಮೊದಲ ವಾರದಲ್ಲೇ ಹೆಚ್ಚಿನವು ಪ್ರಿಂಟ್ ಆಗಿದ್ದವು. ಪೇಪರ್ ಅಂಗಡಿಗೆ ದುಡ್ಡು ಕೊಡಬೇಕು. ಮದುವೆ ಮುಂದೆ ಹೋದವರು ಪತ್ರಿಕೆ ಒಯ್ಯಲಿಲ್ಲ, ಕೆಲವರು ಅಡ್ವಾನ್ಸ್ ವಾಪಸ್ ಕೇಳಿದರು. ಮಿಷನ್ ಸಾಲದ ಕಂತು ಬೇರೆ. ರಿಸರ್ವ್ ಬ್ಯಾಂಕು ಮಾರ್ಚ್‌ನಿಂದ ಮೂರು ತಿಂಗಳು ಕಂತು ಮುಂದೂಡಬಹುದು ಎಂದಿತ್ತು, ಇವರು ಮುಂದೂಡಿದ್ದರು. ಆದರೆ ಬಡ್ಡಿ ಓಡುತ್ತಲೇ ಇತ್ತು. ಇದ್ಯಾವುದೂ ಮನೆಯಲ್ಲಿ ಗೊತ್ತಿರಲಿಲ್ಲ. ಗೋಡೌನಿನ ಬಾಡಿಗೆ ಉಳಿಸಲು ಬಂಡಲ್ಲುಗಳನ್ನು ಮನೆಗೆ ತಂದು, ಖಾಲಿ ಇದ್ದ ಮಗಳ ರೂಮಿಗೆ ತುಂಬಿದ್ದರು. ಅವಳು ಬರುವ ಮೊದಲು ಒಂದಷ್ಟು, ಬಂದ ಮೇಲೆ ಇನ್ನಷ್ಟು.

"ನಿದ್ದೆ ಬರುತ್ತಾ ಸರ್?" ಎಂದೆ.

"ಎಲ್ಲಿ ಮೇಡಂ. ಎರಡು ಗಂಟೇಲಿ ಎದ್ದು ಕೂತಿರ್ತೀನಿ. ಪಕ್ಕದ ರೂಮಲ್ಲಿ ಇವಳು ಕಿಸಕ್ ಅಂತ ನಗ್ತಿರ್ತಾಳೆ. ಮೈ ಉರಿಯುತ್ತೆ."

ಇದೇ ಹೊತ್ತಿನ ಬಗ್ಗೆ ಮಗಳು ನನಗೆ ಬೇರೆ ಹೇಳಿದ್ದಳು: ರಾತ್ರಿ ಎರಡಕ್ಕೆ ಅಡುಗೆಮನೆಯಲ್ಲಿ ನೀರಿನ ಲೋಟದ ಸದ್ದು ಕೇಳುತ್ತೆ, ಅಪ್ಪ ನನ್ನನ್ನು ಕಾಯ್ತಾ ಇದಾರೆ ಅನ್ಸುತ್ತೆ ಅಂತ. ಒಂದೇ ಗೋಡೆಯ ಆಚೆಗೊಬ್ಬರು ಈಚೆಗೊಬ್ಬರು ಎಚ್ಚರ. ನಾನು ಆ ಗುಟ್ಟನ್ನು ಅವರಿಗೆ ಹೇಳಬಹುದಿತ್ತು, ನಾಲಿಗೆ ತುದಿಗೂ ಬಂದಿತ್ತು. ಹೇಳಲಿಲ್ಲ. ನಾನು ಅಪ್ಪ ಮಗಳ ನಡುವಿನ ಪೋಸ್ಟ್‌ಮ್ಯಾನ್ ಆಗಿಬಿಟ್ಟರೆ ನಾನಿಲ್ಲದಾಗ ಅವರು ಮಾತಾಡುವುದು ಹೇಗೆ? ಈಗಾಗಲೇ ಆ ಕೆಲಸವನ್ನು ಶೋಭಾ ಮಾಡಿ ಸೋತಿದ್ದರು. "ನಿನ್ನ ಮಗಳಿಗೆ ಹೇಳು", "ನಿನ್ನ ಗಂಡನಿಗೆ ಹೇಳು". ಎರಡೂ ಕಡೆಯ ಬೈಗುಳ ಅವರ ಮೇಲೆಯೇ.

ಬಸವರಾಜು ಅವರಿಗೆ ನಾನು ಹೇಳಿದ್ದು ದುಡ್ಡಿನ ವಿಷಯ ಮನೆಯಲ್ಲಿ ಹೇಳಿ ಎಂದು. ಅವರು ಒಪ್ಪಲಿಲ್ಲ. "ಓದೋ ಹುಡುಗಿ, ಅವಳ ತಲೆಗೆ ಯಾಕೆ?" ಎಂದರು. ನನ್ನ ಅನುಭವದಲ್ಲಿ ಇಪ್ಪತ್ತರ ಮಕ್ಕಳಿಗೆ ಮನೆಯ ಕಷ್ಟ ವಾಸನೆಯಲ್ಲೇ ಗೊತ್ತಾಗುತ್ತೆ. ಗೊತ್ತಾಗದೆ ಇರುವುದು ಅದರ ಅಳತೆ. ಅಳತೆ ಗೊತ್ತಿಲ್ಲದವರು ಎರಡೇ ರೀತಿ ಊಹಿಸುತ್ತಾರೆ: ಒಂದೋ ನಾವು ಬೀದಿಗೆ ಬಿದ್ವಿ ಅಂತ, ಇಲ್ಲವೋ ಅಪ್ಪನಿಗೆ ನನ್ನ ಕಂಡರೆ ಆಗಲ್ಲ ಅಂತ. ಅದಕ್ಕೇ ಹೇಳುವುದಾದರೆ ಲೆಕ್ಕ ಹೇಳಿ, ಗೋಳು ಬೇಡ ಎಂದೆ. ಎಷ್ಟು ಬರಬೇಕು, ಎಷ್ಟು ಕೊಡಬೇಕು, ಈಗಿರುವುದರಲ್ಲಿ ಎಷ್ಟು ತಿಂಗಳು ನಡೆಯುತ್ತೆ, ಅವಳ ಫೀಸಿಗೆ ಇಟ್ಟಿದ್ದು ಇದೆಯಾ ಇಲ್ಲವಾ. ಒಂದು ಹಾಳೆಯಲ್ಲಿ ಬರೆದು ಕೂತು ಹೇಳಿ.

ಶೋಭಾ ಅವರಿಗೆ ಹೇಳಿದ್ದು ಬೇರೆ. ಅಷ್ಟು ದಿನದಲ್ಲಿ ಅವರು ತಮ್ಮ ಬಗ್ಗೆ ಹೇಳಿದ್ದು ಒಂದೇ ಒಂದು ಸಲ, ಅದೂ ನಾಚಿಕೊಂಡು: "ಮೊದಲು ಹನ್ನೊಂದರಿಂದ ಮೂರು ನಂದು ಮೇಡಂ." ಗಂಡ ಪ್ರೆಸ್ಸಿಗೆ, ಮಗಳು ಬೆಂಗಳೂರಿಗೆ, ಅತ್ತೆ ಮಲಗಿರುತ್ತಿದ್ದರು. ಒಂದು ಧಾರಾವಾಹಿ, ಅಕ್ಕನಿಗೆ ಫೋನು, ಅರ್ಧ ಗಂಟೆ ನಿದ್ದೆ. ಈಗ ದಿನಕ್ಕೆ ಆರು ಸಲ ಟೀ. (ಧಾರಾವಾಹಿ ಕೂಡ ಇಲ್ಲ, ಶೂಟಿಂಗ್ ನಿಂತು ಹಳೆಯ ಕಂತುಗಳೇ ಬರುತ್ತಿದ್ದವು.) ಮಕ್ಕಳ ಸಮಸ್ಯೆ ಎಂದು ಫೋನ್ ಮಾಡುವ ಎಷ್ಟೋ ತಾಯಂದಿರ ದುಡಿಮೆ ಆ ಬೇಸಿಗೆಯಲ್ಲಿ ಎರಡರಷ್ಟಾಗಿತ್ತು, ಅದನ್ನು ಯಾರೂ ಸಮಸ್ಯೆ ಅಂತ ಎಣಿಸಿರಲಿಲ್ಲ. ಒಂದರಿಂದ ಮೂರರವರೆಗೆ ನಿಮ್ಮ ರೂಮಿನ ಬಾಗಿಲು ಹಾಕಿಕೊಳ್ಳಿ, ಟೀ ಬೇಕಾದವರು ಮಾಡಿಕೊಳ್ಳಲಿ ಎಂದೆ. "ಅತ್ತೆ ಏನಂತಾರೋ" ಎಂದರು. ತಲೆನೋವು ಅಂತ ಶುರು ಮಾಡಿ, ಆಮೇಲೆ ರೂಢಿಯಾಗುತ್ತೆ ಎಂದೆ. ಇದು ಪುಸ್ತಕದಲ್ಲಿರುವ ಸಲಹೆಯಲ್ಲ, ಒಪ್ಪುತ್ತೇನೆ.

ಜೊತೆಗೆ ಮಗಳ ಪರವಾಗಿ ಗಂಡನಿಗೆ, ಗಂಡನ ಪರವಾಗಿ ಮಗಳಿಗೆ ಏನನ್ನೂ ಹೇಳಬೇಡಿ ಎಂದೆ. ಮೊದಲ ವಾರ ಮನೆ ಇನ್ನೂ ಬಿಗಿಯಾಯಿತಂತೆ. ಆಗುತ್ತೆ.

ಸಿಂಚನಾಗೆ ನಿದ್ದೆಯ ಬಗ್ಗೆ ಹೇಳಿದೆ. ಆ ವಯಸ್ಸಿನಲ್ಲಿ ಮೈಯ ಗಡಿಯಾರವೇ ಸ್ವಲ್ಪ ತಡವಾಗಿ ಓಡುತ್ತೆ, ಅದು ಬರೀ ಸೋಮಾರಿತನ ಅಲ್ಲ. ಹೊರಗೆ ಹೋಗದೆ ಬೆಳಗಿನ ಬಿಸಿಲು ಮೈಗೆ ಬೀಳದಿದ್ದರೆ ಇನ್ನೂ ಹಿಂದೆ ಬೀಳುತ್ತೆ. ಹನ್ನೊಂದಕ್ಕೆ ಏಳುವವಳು ನಾಳೆಯೇ ಆರಕ್ಕೆ ಏಳಲು ಹೋದರೆ ಎರಡು ದಿನಕ್ಕೆ ಕೈ ಬಿಡುತ್ತಾಳೆ. ಎರಡು ಮೂರು ದಿನಕ್ಕೊಮ್ಮೆ ಅರ್ಧ ಗಂಟೆ ಬೇಗ ಎದ್ದು, ಎದ್ದ ತಕ್ಷಣ ಮಾಳಿಗೆಗೆ ಹೋಗಿ ಬೆಳಕಿನಲ್ಲಿ ಇಪ್ಪತ್ತು ನಿಮಿಷ ಓಡಾಡಲಿ. ಮೇ ಕೊನೆಗೆ ಎಂಟಕ್ಕೆ ಬಂದು ನಿಂತಳು. ಬಸವರಾಜು ಅವರಿಗೆ ಎಂಟೂ ತಡವೇ. ಅಲ್ಲಿಗೆ ಬಿಟ್ಟುಬಿಡಿ ಎಂದೆ.

ಇಡೀ ಮನೆಗೆ ಹೇಳಿದ ನಿಯಮ ಒಂದೇ. ರಾತ್ರಿ ಊಟ ಒಟ್ಟಿಗೆ, ಆ ಅರ್ಧ ಗಂಟೆ ಓದು, ಫೋನು, ಏಳುವ ಹೊತ್ತಿನ ಮಾತಿಲ್ಲ. ಮತ್ತೆ ಏನು ಮಾತಾಡೋದು ಅಂತ ಬಸವರಾಜು ನಿಜಕ್ಕೂ ಕೇಳಿದರು. ನನಗೂ ಗೊತ್ತಿಲ್ಲ ಎಂದೆ. ಮೊದಮೊದಲು ಅಜ್ಜಿಯೇ ಮಾತಾಡಿದರಂತೆ, ಹಿಂದೆ ಊರಲ್ಲಿ ಪ್ಲೇಗು ಬಂದಾಗ ಹೊಲದಲ್ಲಿ ಗುಡಿಸಲು ಹಾಕಿಕೊಂಡಿದ್ದರ ಬಗ್ಗೆ ಅವರ ತಾಯಿ ಹೇಳುತ್ತಿದ್ದ ಕಥೆ.

ಲೆಕ್ಕದ ಹಾಳೆ ಹೊರಗೆ ಬಂದಿದ್ದು ಮೇ ಮೂರನೇ ವಾರ. ಬಸವರಾಜು ಮಗಳ ರೂಮಿಗೆ ಹೋಗಿ, ಕೂರಲು ಜಾಗ ಇಲ್ಲದೆ ಒಂದು ಬಂಡಲ್ಲಿನ ಮೇಲೆ ಕೂತರಂತೆ. ಹಾಳೆ ತರುವುದು ಮರೆತಿತ್ತು. ಅಲ್ಲೇ ಒಂದು ಪತ್ರಿಕೆ ಎಳೆದು, ಹಿಂಬದಿಯ ಖಾಲಿ ಜಾಗದಲ್ಲಿ ಬರೆದು ತೋರಿಸಿದರಂತೆ. ಮಗಳು ಎಲ್ಲ ಕೇಳಿ, "ಹಾಗಾದ್ರೆ ಇವನ್ನೆಲ್ಲ ರದ್ದಿಗೆ ಹಾಕೋದಾ?" ಎಂದಳು. ಅವತ್ತೇ ಇಬ್ಬರೂ ಸೇರಿ ಬಂಡಲ್ಲು ವಿಂಗಡಿಸಿದರು. ಹಿಂದೆ ಖಾಲಿ ಇದ್ದವು ಅವಳ ರಫ್ ಹಾಳೆಯಾದವು. ಉಳಿದವು ಮಾಳಿಗೆ ಮೆಟ್ಟಿಲ ಕೆಳಗೆ. ಟೇಬಲ್ಲು ಕಂಡಿತು.

ಆಮೇಲಿನದು ನಾನು ಹೇಳಿಕೊಟ್ಟಿದ್ದಲ್ಲ. ಮದುವೆಗೆ 50 ಜನ ಮಾತ್ರ ಎನ್ನುವ ನಿಯಮ ಬಂದಿತ್ತು. 50 ಜನಕ್ಕೆ ಯಾರು ಪತ್ರಿಕೆ ಹೊಡೆಸುತ್ತಾರೆ? ಸಿಂಚನಾ ಫೋನಿನಲ್ಲೇ ಕಳಿಸುವಂಥ ಪತ್ರಿಕೆ ಮಾಡಿದಳು. ಅದರಿಂದ ಪ್ರೆಸ್ಸು ಎದ್ದು ನಿಲ್ಲಲಿಲ್ಲ, ಕಂತಿಗೂ ಸಾಲಲಿಲ್ಲ. ಹೊಸ ಜಗಳ ಮಾತ್ರ ಸಿಕ್ಕಿತು. "ಸಕುಟುಂಬ ಸಪರಿವಾರ ಸಮೇತರಾಗಿ" ಎನ್ನುವ ಸಾಲು ಹಾಕಲೇಬೇಕು ಎಂದು ಅಪ್ಪ. ಬರೋದೇ 50 ಜನ, ಸಪರಿವಾರ ಎಲ್ಲಿಂದ ಎಂದು ಮಗಳು. ಶೋಭಾ ಇದನ್ನು ದೂರಿನ ಹಾಗೇ ಹೇಳಿದರು. ನಾನು ಬೇರೆಯವರ ಜಗಳ ಕೇಳಿ ಇಷ್ಟು ಖುಷಿಪಟ್ಟಿದ್ದು ಕಡಿಮೆ.

ಸರಿಹೋಗದ್ದೂ ಇದೆ. ಕಿತ್ತಿಟ್ಟ ಮೊಬೈಲ್ ವಿಷಯಕ್ಕೆ ಬಸವರಾಜು ಇವತ್ತಿಗೂ ತಪ್ಪಾಯಿತು ಅಂದಿಲ್ಲ. ಮಗಳು ಮರೆತಿಲ್ಲ. ಅಜ್ಜಿಗೆ ಮಾಳಿಗೆಯ ಅನುಮಾನ ಪೂರ್ತಿ ಹೋಗಿರಲಿಲ್ಲ. ಜುಲೈಯಲ್ಲಿ, ಕೊನೆಯ ವರ್ಷದವರನ್ನು ಬಿಟ್ಟು ಉಳಿದವರಿಗೆ ಪರೀಕ್ಷೆ ಇಲ್ಲದೆ ಪಾಸ್ ಎಂದು ಸರ್ಕಾರ ಹೇಳಿದಾಗ ಸಿಂಚನಾ ಖುಷಿಪಡುತ್ತಾಳೆ ಅಂದುಕೊಂಡಿದ್ದೆ. ಅತ್ತಳಂತೆ. ಪರೀಕ್ಷೆ ಇದ್ದಿದ್ದರೆ ಹಾಸ್ಟೆಲ್ಲಿಗೆ ಹೋಗಬಹುದಿತ್ತಲ್ಲ. ಪುಸ್ತಕ ತರಲು ಹೊರಟರೆ 14ರಿಂದ ಬೆಂಗಳೂರು ಮತ್ತೆ ಒಂದು ವಾರ ಬಂದ್.

ಶೋಭಾ ಅವರ ಕೊನೆಯ ಫೋನು ಬಂದಿದ್ದು ಆ ವಾರವೇ, ಮಧ್ಯಾಹ್ನ ಎರಡೂವರೆಗೆ. ಕಾಗೆ ಸದ್ದಿರಲಿಲ್ಲ, ಮಳೆ ಶುರುವಾಗಿ ಸಂಡಿಗೆ ಡಬ್ಬಿ ಸೇರಿತ್ತು. ಫ್ಯಾನ್ ಸದ್ದು ಮಾತ್ರ. ಏನಾದರೂ ಆಯಿತಾ ಎಂದೆ. "ಏನಿಲ್ಲ ಮೇಡಂ, ಸುಮ್ನೆ ಮಾಡಿದೆ" ಎಂದರು. ಅಷ್ಟರಲ್ಲಿ ಆ ಕಡೆ ಯಾರೋ ಬಾಗಿಲು ತಟ್ಟಿ ಸಕ್ಕರೆ ಡಬ್ಬಿ ಎಲ್ಲಿ ಎಂದು ಕೇಳಿದರು. ಗಂಡಸಿನ ದನಿ.

"ಇನ್ನೂ ಮೂರು ಗಂಟೆ ಆಗಿಲ್ಲ" ಎಂದು ಶೋಭಾ ಒಳಗಿನಿಂದಲೇ ಕೂಗಿದರು.