ಅಡಿಕೆ ತೋಟದ ನಕ್ಷೆ ಮೊಬೈಲ್‌ನಲ್ಲಿ: ತುಂಡಿಗೆ ಜಿಪಿಎಸ್, ಮರಕ್ಕೆ ನಂಬರ್

ನಮಸ್ಕಾರ. ನಾಲ್ಕು ಎಕರೆ ಅಡಿಕೆ ತೋಟದಲ್ಲಿ ಎಲೆಚುಕ್ಕಿ ಬಂದ ಮರ, ಬೋರು, ಪೈಪ್‌ಲೈನ್ ಎಲ್ಲ ಗುರುತು ಮಾಡಲು ಯಾವ ಆ್ಯಪ್ ಆಗಬಹುದು, ಒಂದೇ ಮರ ಎರಡು ಸಲ ಎರಡು ಕಡೆ ಯಾಕೆ ತೋರಿಸುತ್ತದೆ ಎಂದು ಕೇಳಿದ್ದೀರಿ. ಎರಡನೆಯದಕ್ಕೆ ಮೊದಲು ಉತ್ತರ.

ಆಕಾಶ ಪೂರ್ತಿ ಕಾಣುವ ಬಯಲಲ್ಲೇ ಮಾಮೂಲಿ ಫೋನು 5 ಮೀಟರ್ ಆಚೀಚೆ ಹೇಳುತ್ತದೆ. ಸೋಗೆಯ ಕೆಳಗೆ, ಪಕ್ಕದಲ್ಲಿ ಗುಡ್ಡವೂ ಇದ್ದರೆ, 10 ಮೀಟರ್ ದಾಟುವುದು ಮಾಮೂಲು. 9 ಅಡಿ ಅಂತರದ ತೋಟದಲ್ಲಿ ನಿಂತಲ್ಲಿಂದ ಸುತ್ತಲೂ 5 ಮೀಟರ್ ಒಳಗೆ ಹತ್ತು ಮರ ಇರುತ್ತವೆ. ಯಾವ ಆ್ಯಪ್ ಹಾಕಿದರೂ ಇದು ಸರಿಹೋಗುವುದಿಲ್ಲ. ಹಾಗಾಗಿ ಜಿಪಿಎಸ್ ತೋಟದ ತುಂಡು, ಬೋರು, ದಾರಿಗೆ ಮಾತ್ರ ಇರಲಿ. ಮರಕ್ಕೆ ನಂಬರ್ ಕೊಡಿ.

ಬಿ-12-07 ಅಂದರೆ ಬಿ ತುಂಡು, 12ನೇ ಸಾಲು, 7ನೇ ಮರ. ಪ್ರತಿ ತುಂಡಿಗೂ ಒಂದು ಮೂಲೆ ಗೊತ್ತು ಮಾಡಿಕೊಂಡು ಅಲ್ಲಿಂದಲೇ ಎಣಿಸಿ. ಹೆಚ್ಚು ಜನ ಎಡವುವುದು ಎರಡು ಕಡೆ. ಒಂದು, ಒಂದು ಸಾಲಲ್ಲಿ ಹೋಗಿ ಮುಂದಿನ ಸಾಲಲ್ಲಿ ವಾಪಸ್ ಬರುವಾಗ ಮತ್ತೆ 1ರಿಂದ ಶುರು ಮಾಡುವುದು. ವಾಪಸ್ ಬರುವಾಗ ನಂಬರ್ ಇಳಿಯುತ್ತಾ ಬರಬೇಕು. ಇನ್ನೊಂದು, ಸತ್ತ ಮರದ ಜಾಗವನ್ನು ಎಣಿಸದೆ ಬಿಡುವುದು. ಆಮೇಲೆ ಅಲ್ಲಿ ಸಸಿ ನೆಟ್ಟರೆ ಮುಂದಿನ ನಂಬರೆಲ್ಲ ತಪ್ಪುತ್ತದೆ. ಪ್ರತಿ ಹತ್ತನೇ ಮರಕ್ಕೆ ಬಣ್ಣದ ಪಟ್ಟಿ ಹೊಡೆದರೆ ಎಣಿಕೆ ತಪ್ಪಿದ್ದು ಅಲ್ಲೇ ಗೊತ್ತಾಗುತ್ತದೆ.

ಎಕರೆಗೆ 550ರ ಲೆಕ್ಕದಲ್ಲಿ ನಿಮ್ಮಲ್ಲಿ 2,200 ಮರ. ಎಲ್ಲವನ್ನೂ ಬರೆಯುವ ಹಟ ಬೇಡ. ಔಷಧಿ ಎಲ್ಲಿ ಮೊದಲು ಹೊಡೆಯಬೇಕು ಎಂದು ನೋಡಲು 5 ಸಾಲು, 10 ಮರದ ಗುಂಪಿಗೆ ಒಂದು ದಾಖಲೆ ಸಾಕು. ಹಳದಿ ಎಲೆ ರೋಗವಿದ್ದರೆ ಮಾತ್ರ ಒಂದೊಂದು ಮರವನ್ನೂ ಬರೆಯಿರಿ. ಅದಕ್ಕೆ ಮದ್ದಿಲ್ಲ, ವರ್ಷದಿಂದ ವರ್ಷಕ್ಕೆ ಯಾವ ಕಡೆ ಹರಡುತ್ತಿದೆ ಎಂದು ಕಾಣಬೇಕು.

ಆ್ಯಪ್: ನಿಮ್ಮ ಕೆಲಸಕ್ಕೆ ಕ್ಯೂಫೀಲ್ಡ್ (QField). ಉಚಿತ, ನೆಟ್ ಇಲ್ಲದೆಯೂ ನಡೆಯುತ್ತದೆ. ಮೊದಲು ಕಂಪ್ಯೂಟರಿನಲ್ಲಿ ಕ್ಯೂಜಿಐಎಸ್ (QGIS) ಎಂಬ ನಕ್ಷೆ ಮಾಡುವ ತಂತ್ರಾಂಶ ಹಾಕಿ ಪ್ರಾಜೆಕ್ಟ್ ತಯಾರಿಸಿ, ಅದನ್ನು ಫೋನಿಗೆ ಹಾಕಿಕೊಳ್ಳಬೇಕು. ಮಲೆನಾಡಿಗೆ ನಕ್ಷೆಯ ಅಳತೆ ಪದ್ಧತಿಯಾಗಿ ಇಪಿಎಸ್‌ಜಿ (EPSG) 32643 ಆರಿಸಿ, ಅಳತೆ ನೇರ ಮೀಟರಿನಲ್ಲಿ ಬರುತ್ತದೆ. ನಕ್ಷೆಯ ಮಾಹಿತಿ ಇಡುವ ಜಿಯೋಪ್ಯಾಕೇಜ್ ಎಂಬ ಒಂದೇ ಫೈಲಿನಲ್ಲಿ ಮೂರು ಪದರ ಮಾಡಿ: ತುಂಡು, ಪೈಪು, ಗುರುತು. ಶೇಪ್‌ಫೈಲ್ ಎಂಬ ಹಳೆಯ ಬಗೆಯ ಫೈಲ್ ಬೇಡ. ಅದರಲ್ಲಿ ಕಾಲಂ ಹೆಸರು 10 ಅಕ್ಷರಕ್ಕೆ ಕತ್ತರಿಸುತ್ತದೆ, ಕನ್ನಡದಲ್ಲಿ ಬರೆದದ್ದು ಎಷ್ಟೋ ಸಲ ಪ್ರಶ್ನಾರ್ಥಕ ಚಿಹ್ನೆಯಾಗಿ ವಾಪಸ್ ಬರುತ್ತದೆ.

ಆ್ಯಪ್‌ನಲ್ಲಿ ಮಾಹಿತಿ ತುಂಬುವ ಫಾರ್ಮಿನಲ್ಲಿ ಟೈಪ್ ಮಾಡುವುದು ಆದಷ್ಟು ಕಡಿಮೆ ಇರಲಿ, ಒದ್ದೆ ಕೈಯಲ್ಲಿ ಅದು ಆಗದ ಕೆಲಸ. ರೋಗದ ಹೆಸರು ಪಟ್ಟಿಯಿಂದ ಆರಿಸುವಂತಿರಲಿ. ತೀವ್ರತೆಗೆ 0ರಿಂದ 3: ಇಲ್ಲ, ಕೆಳಗಿನ ಒಂದೆರಡು ಸೋಗೆ, ಅರ್ಧದವರೆಗೆ, ಅದಕ್ಕಿಂತ ಹೆಚ್ಚು. ದಿನಾಂಕ ತಾನಾಗಿ ಬೀಳಲಿ. ಫೋಟೋಕ್ಕೆ ಒಂದು ಕಾಲಂ. ಉತ್ತರದ ಪಕ್ಕದ ಪಿನ್ ಒತ್ತಿದರೆ ಹಿಂದಿನ ಉತ್ತರ ಉಳಿಯುತ್ತದೆ. ತುಂಡು, ಸಾಲಿಗೆ ಪಿನ್ ಹಾಕಿ, ತೀವ್ರತೆಗೆ ಖಂಡಿತ ಬೇಡ. ನೋಡದೆ ಉಳಿಸುತ್ತಾ ಹೋದರೆ ಇಡೀ ಸಾಲು 3 ಆಗಿ ಕೂತಿರುತ್ತದೆ.

ಸ್ಯಾಟಲೈಟ್ ಚಿತ್ರ ತೋಟದಲ್ಲಿ ನೆಟ್ ಇಲ್ಲದಿದ್ದರೆ ಬರುವುದಿಲ್ಲ. ಮನೆಯಲ್ಲೇ ಕ್ಯೂಜಿಐಎಸ್‌ನಿಂದ ತೋಟದಷ್ಟು ಭಾಗವನ್ನು ಎಂಬಿಟೈಲ್ಸ್ (MBTiles) ಎಂಬ ನೆಟ್ ಬೇಡದ ಚಿತ್ರದ ಫೈಲ್ ಮಾಡಿ ಪ್ರಾಜೆಕ್ಟಿನ ಜೊತೆಗಿಡಿ.

ಹೊರಡುವ ಮೊದಲು ಆ್ಯಪ್‌ಗೆ ‘ನಿಖರ ಸ್ಥಳ’ ಅನುಮತಿ ಇದೆಯೇ ನೋಡಿ. ‘ಅಂದಾಜು’ ಇದ್ದರೆ ಗುರುತು ಪಕ್ಕದ ಊರಲ್ಲೂ ಬೀಳಬಹುದು. ಬ್ಯಾಟರಿ ಸೇವರ್ ತೆಗೆಯಿರಿ. ಅಂಗಳದಲ್ಲಿ ಐದು ನಿಮಿಷ ನಿಂತು ಉಪಗ್ರಹ ಸಿಕ್ಕ ಮೇಲೆ ತೋಟಕ್ಕಿಳಿಯಿರಿ. ಬೋರಿನ ಹತ್ತಿರ ಸರಾಸರಿ ತೆಗೆಯುವ ಆಯ್ಕೆ ಹಾಕಿ ಒಂದು ನಿಮಿಷ ನಿಂತರೆ ಬಿಂದು ಕುಣಿಯುವುದು ಕಡಿಮೆಯಾಗುತ್ತದೆ. ಆದರೆ ಗುಡ್ಡಕ್ಕೆ, ಮರಕ್ಕೆ ಬಡಿದು ಬರುವ ಸಿಗ್ನಲ್‌ನ ತಪ್ಪು ಎಷ್ಟು ಹೊತ್ತು ನಿಂತರೂ ಹೋಗುವುದಿಲ್ಲ.

ಗೇಟ್ ವಾಲ್ವ್‌ಗೆ ಜಿಪಿಎಸ್ ಒಂದನ್ನೇ ನಂಬಬೇಡಿ. ಮಣ್ಣಲ್ಲಿ ಮುಚ್ಚಿದ ವಾಲ್ವ್ 5 ಮೀಟರ್ ಆಚೀಚೆ ಎಂದರೆ ತೋಟವನ್ನೇ ಅಗೆಯಬೇಕು. ಅಲುಗದ ಎರಡು ವಸ್ತುಗಳಿಂದ, ಉದಾಹರಣೆಗೆ ಬಾವಿಕಟ್ಟೆಯ ಮೂಲೆ ಮತ್ತು ಕರೆಂಟ್ ಕಂಬದಿಂದ, ಟೇಪ್ ಹಿಡಿದು ಎರಡೂ ದೂರ ಬರೆಯಿರಿ. ಜೊತೆಗೆ ಎಡಕ್ಕೋ ಬಲಕ್ಕೋ ಎಂದೂ ಬರೆಯಿರಿ, ಅದೇ ಎರಡು ದೂರ ಆಚೆ ಬದಿಗೂ ಹೊಂದುತ್ತದೆ. ಪೈಪಿನ ಮೇಲೆ ನಡೆಯುತ್ತಾ ಗೆರೆ ಎಳೆಯಬೇಡಿ, ಸೊಟ್ಟಂಬಟ್ಟ ಬರುತ್ತದೆ. ತಿರುವುಗಳಲ್ಲಿ ಬಿಂದು ಇಟ್ಟು ಆಮೇಲೆ ಸೇರಿಸಿ.

ಡೇಟಾ ಕಳೆದುಕೊಳ್ಳುವುದು ಹೆಚ್ಚಾಗಿ ತೋಟದಲ್ಲಲ್ಲ, ಫೋನಿನಿಂದ ಕಂಪ್ಯೂಟರಿಗೆ ಕಾಪಿ ಮಾಡುವಾಗ. ಆಂಡ್ರಾಯ್ಡ್‌ನಲ್ಲಿ ಪ್ರಾಜೆಕ್ಟ್ ಕ್ಯೂಫೀಲ್ಡ್‌ನ ಸ್ವಂತ ಫೋಲ್ಡರಿನಲ್ಲಿ ಇರುತ್ತದೆ. ಆ್ಯಪ್ ಅನ್‌ಇನ್‌ಸ್ಟಾಲ್ ಮಾಡಿದರೆ ಅದೂ ಹೋಯಿತು. ಕಾಪಿ ಮಾಡುವ ಮೊದಲು ಪ್ರಾಜೆಕ್ಟ್ ಮುಚ್ಚಿ. ಹೆಸರಿನ ಕೊನೆಗೆ ‘ವಾಲ್’ (-wal) ಎಂದಿರುವ ಜೊತೆ ಫೈಲ್ ಕಂಡರೆ ಕೊನೆಯ ದಾಖಲೆಗಳು ಅದರಲ್ಲಿರಬಹುದು, ಬಿಟ್ಟುಬರಬೇಡಿ. ಫೋಟೋ ಫೋಲ್ಡರೂ ಜೊತೆಗೆ. ದಾಖಲೆಗಳನ್ನು ಸಿಎಸ್‌ವಿ (ಸಾದಾ ಪಟ್ಟಿಯ ಫೈಲ್) ಮಾಡಿ ಎಕ್ಸೆಲ್‌ನಲ್ಲಿ ತೆರೆದಾಗ ಕನ್ನಡ ಕಲಸುಮೇಲೋಗರವಾದರೆ ಹೆದರಬೇಡಿ, ಡೇಟಾ ಮೆನುವಿನಿಂದ ಯುಟಿಎಫ್-8 (UTF-8) ಎಂಬ ಅಕ್ಷರ ಪದ್ಧತಿ ಆರಿಸಿ ಫೈಲನ್ನು ಒಳಗೆ ತನ್ನಿ.

ಬೇಲಿ ಸುತ್ತಿ ಬಂದ ವಿಸ್ತೀರ್ಣ ಗೊಬ್ಬರದ ಲೆಕ್ಕಕ್ಕೆ ಸಾಕು, ಗಡಿ ತೀರ್ಮಾನಕ್ಕೆ ಸಾಲದು. ಚೌಕಾಕಾರದ ಒಂದು ಎಕರೆಯಲ್ಲಿ ನಾಲ್ಕೂ ಬದಿ ಒಂದೊಂದು ಮೀಟರ್ ಹೊರಗೆ ಬಿದ್ದರೂ ಎರಡೂವರೆ ಗುಂಟೆ ಹೆಚ್ಚು ಬರುತ್ತದೆ. ಸರ್ಕಾರದ ದಿಶಾಂಕ್ ಆ್ಯಪ್‌ನಲ್ಲಿ ಸರ್ವೆ ನಂಬರ್ ನೋಡಬಹುದು, ಗಡಿ ತೀರ್ಮಾನಕ್ಕೆ ಅದೂ ಆಗದು. ಪಕ್ಕದವರ ಜೊತೆ ತಕರಾರಿದ್ದರೆ ಹದ್ದುಬಸ್ತಿಗೆ (ಸರ್ಕಾರಿ ಸರ್ವೆಯವರು ಗಡಿ ಅಳೆದು ಗುರುತು ಮಾಡುವುದಕ್ಕೆ) ಅರ್ಜಿ ಹಾಕಿ.