ಥಲಸ್ಸೀಮಿಯಾ ಮೈನರ್ ಇದ್ದರೆ ಸೋದರತ್ತೆ ಮಗನೂ ಪರೀಕ್ಷೆ ಮಾಡಿಸಬೇಕಾ?

ನಿಮಗೆ ಥಲಸ್ಸೀಮಿಯಾ ಮೈನರ್ (ರಕ್ತದ ಈ ಆನುವಂಶಿಕ ಕಾಯಿಲೆಯ ದೋಷಯುಕ್ತ ಜೀನ್ ಅಪ್ಪ ಅಥವಾ ಅಮ್ಮ ಒಬ್ಬರಿಂದ ಮಾತ್ರ ಬಂದಿರುವ ಸ್ಥಿತಿ) ಇದೆ, ಸೋದರತ್ತೆ ಮಗನ ಜೊತೆ ಮದುವೆ ಮಾತಾಗಿದೆ, ಅವರಿಗೂ ಪರೀಕ್ಷೆ ಬೇಕಾ ಅಂತ ಕೇಳಿದ್ದೀರಿ. ಖಂಡಿತ ಬೇಕು, ಮದುವೆಗೆ ಮೊದಲೇ. ನಿಮಗಿದು ಅಪ್ಪನ ಕಡೆಯಿಂದ ಬಂದಿದ್ದರೆ ಅದೇ ಜೀನ್ ಅವರಲ್ಲೂ ಇರುವ ಸಾಧ್ಯತೆ ಜಾಸ್ತಿ, ಅಲ್ವಾ? ಇಬ್ಬರಲ್ಲೂ ಇದ್ದರೆ ಪ್ರತಿ ಬಸಿರಿನಲ್ಲೂ ಮಗುವಿಗೆ ಮೇಜರ್, ಅಂದರೆ ಈ ಕಾಯಿಲೆಯ ತೀವ್ರ ರೂಪ ಬರುವ ಸಾಧ್ಯತೆ ಶೇ. 25. ಅಂಥ ಮಗುವಿಗೆ ಕೆಲವು ವಾರಕ್ಕೊಮ್ಮೆ ರಕ್ತ ಹಾಕಿಸುತ್ತಲೇ ಇರಬೇಕು.

ಬರೀ ಸಿಬಿಸಿ (ರಕ್ತಕಣಗಳ ಎಣಿಕೆ) ಸಾಲದು. ಹಿಮೋಗ್ಲೋಬಿನ್‌ನ ವಿಧಗಳನ್ನು ಅಳೆಯುವ ಎಚ್‌ಪಿಎಲ್‌ಸಿ ರಕ್ತಪರೀಕ್ಷೆ ಮಾಡಿಸಿ. ಅದರಲ್ಲಿ ಎಚ್‌ಬಿಎ2 ಎಂಬ ಹಿಮೋಗ್ಲೋಬಿನ್ ವಿಧ ಶೇ. 3.5ಕ್ಕಿಂತ ಜಾಸ್ತಿ ಇದ್ದರೆ ಸಾಮಾನ್ಯವಾಗಿ ಮೈನರ್ ಅಂತಲೇ ಅರ್ಥ. ಕಬ್ಬಿಣದ ಕೊರತೆಯಿದ್ದರೆ ಈ ಅಂಕಿ ಕಡಿಮೆ ಬರಬಹುದು, ಅದನ್ನೂ ನೋಡಿಸಿ.

ಸೈಪ್ರಸ್‌ನಲ್ಲಿ 1970ರ ದಶಕದಲ್ಲಿ ಶುರುವಾದ ಇಂಥ ತಪಾಸಣೆಯಿಂದ ಮೇಜರ್ ಇರುವ ಮಕ್ಕಳು ಹುಟ್ಟುವುದು ಬಹುತೇಕ ನಿಂತಿತು. ಇಬ್ಬರಲ್ಲೂ ಇದ್ದರೂ ಮದುವೆ ಮುರಿಯಲೇಬೇಕೆಂದಿಲ್ಲ. ಬಸಿರಿನ 11ನೇ ವಾರದ ಹೊತ್ತಿಗೆ ಭ್ರೂಣದ ಪರೀಕ್ಷೆ ಸಾಧ್ಯ. ಮೊದಲು ಇಬ್ಬರೂ ಒಟ್ಟಿಗೆ ಜೆನೆಟಿಕ್ ಕೌನ್ಸೆಲರ್ (ಆನುವಂಶಿಕ ಕಾಯಿಲೆಗಳ ಬಗ್ಗೆ ಸಲಹೆ ಕೊಡುವ ತಜ್ಞರು) ಹತ್ತಿರ ಹೋಗಿ.