ಲೋವೆಯ ‘ಎರ್ಲ್‌ಕ್ಯೋನಿಗ್’ ಸಪ್ಪೆಯೇ?

ಪ್ರಶ್ನೆ: ಗಯಟೆಯ ಜರ್ಮನ್ ಕವಿತೆ ‘ಎರ್ಲ್‌ಕ್ಯೋನಿಗ್’ಗೆ ಶೂಬರ್ಟ್ ಸಂಯೋಜಿಸಿದ ಹಾಡು ನನಗೆ ಬಹಳ ಇಷ್ಟ. ಅದೇ ಕವಿತೆಗೆ ಕಾರ್ಲ್ ಲೋವೆ ಮಾಡಿದ ಸಂಯೋಜನೆಯ ಧ್ವನಿಮುದ್ರಣ ಸಪ್ಪೆ ಎನಿಸಿತು. ಕೇಳುವ ಕ್ರಮ ತಪ್ಪಿತೇ?

ಉತ್ತರ: ಫೋನಿನ ಸ್ಪೀಕರಿನಲ್ಲಿ ಕೇಳಿದ್ದರೆ ಹಾಗೇ ಅನಿಸುತ್ತದೆ. ಪಿಯಾನೊದ ಕೆಳಸ್ವರಗಳು ಅದರಲ್ಲಿ ಅಡಗಿಹೋಗುತ್ತವೆ, ಹೆಡ್‌ಫೋನ್ ಹಾಕಿಕೊಳ್ಳಿ. ಮೊದಲು ಗಯಟೆಯ ಎಂಟು ಚರಣಗಳನ್ನು ಅನುವಾದದೊಂದಿಗೆ ಓದಿ, ನಿರೂಪಕ, ತಂದೆ, ಮಗು, ಮಗುವನ್ನು ಸೆಳೆಯುವ ಮಾಯಾರಾಜ (ಅವನೇ ಎರ್ಲ್‌ಕ್ಯೋನಿಗ್) ಇವರಲ್ಲಿ ಯಾವ ಸಾಲು ಯಾರದೆಂದು ಪೆನ್ಸಿಲ್‌ನಲ್ಲಿ ಗುರುತು ಹಾಕಿ.

ಶೂಬರ್ಟ್ (1815) ಮಾಯಾರಾಜನಿಗೆ ಇಂಪಾದ, ಹರಿಯುವ ರಾಗ ಕೊಟ್ಟ. ಲೋವೆ (1818) ಅವನ ಬಾಯಲ್ಲಿ ಜಿ ಮೇಜರ್ ತ್ರಿಸ್ವರದ (ಜಿ, ಬಿ, ಡಿ) ಮೂರು ಸ್ವರಗಳನ್ನಷ್ಟೇ ಇಟ್ಟು ಪಿಸುಗುಟ್ಟಿಸಿದ. ಆ ಬಡತನವೇ ಭಯ ಹುಟ್ಟಿಸುತ್ತದೆ. ನನ್ನ ಮಟ್ಟಿಗೆ ಇದು ಶೂಬರ್ಟ್‌ನದಕ್ಕಿಂತ ಹೆಚ್ಚು ಕ್ರೂರ. ದನಿ ಮೆಲ್ಲಗಾಯಿತೆಂದು ಅಲ್ಲಿ ವಾಲ್ಯೂಮ್ ಏರಿಸಿದರೆ ಪಿಸುಮಾತು ಮಾಮೂಲಿ ಹಾಡಾಗುತ್ತದೆ, ಮುಂದಿನ ಮಗುವಿನ ಚೀರು ಕಿವಿಗೆ ಬಡಿಯುತ್ತದೆ. ಗಟ್ಟಿಯಾದ ಜಾಗಕ್ಕೆ ಒಮ್ಮೆ ಹೊಂದಿಸಿ, ಹಾಗೇ ಬಿಡಿ.

ಹುಡುಕುವಾಗ ಹೆಸರಷ್ಟೇ ಕೊಟ್ಟರೆ ಶೂಬರ್ಟ್‌ನದೇ ಸಿಗುತ್ತದೆ. ‘ಲೋವೆ, ಓಪಸ್ 1, ಸಂಖ್ಯೆ 3’ ಎಂದು ಸೇರಿಸಿ (ಓಪಸ್ ಎಂದರೆ ಸಂಯೋಜಕನ ಕೃತಿಗೆ ಕೊಡುವ ಕ್ರಮಸಂಖ್ಯೆ). ಜರ್ಮನ್ ಗಾಯಕ ಫಿಷರ್-ಡೀಸ್ಕೌ ಹಾಡಿದ್ದರಿಂದ ಶುರುಮಾಡಿ. ತಗ್ಗುದನಿಯವರು ಶ್ರುತಿ ಇಳಿಸಿ ಹಾಡುವುದು ವಾಡಿಕೆ, ಸ್ವರಲಿಪಿಗೆ ಹೊಂದದಿದ್ದರೆ ಗಾಬರಿಯಾಗಬೇಡಿ. ಇದು ಹಿಡಿಸಿದರೆ ಅದೇ ಓಪಸಿನ ಮೊದಲ ಹಾಡು ‘ಎಡ್ವರ್ಡ್’ ಕೇಳಿ.